ಹೊರಗೋಡೆ ಕೆಲಸಕ್ಕೆ ಜನರನ್ನು ಇಳಿಸುವ ಮುಂಚೆ: ಹಗ್ಗ ಎಲ್ಲಿಗೆ ಕಟ್ಟಬೇಕು?

ಎಂಟನೇಮಹಡಿ

ಎಲ್ಲರಿಗೂ ನಮಸ್ಕಾರ. ನಮ್ಮದು 14 ಮಹಡಿಯ ವಸತಿ ಕಟ್ಟಡ. ಹೊರಗೋಡೆ ಅಲ್ಲಲ್ಲಿ ಬಿರುಕು ಬಿಟ್ಟಿದೆ, ಮಳೆ ಬಂದರೆ ನೀರು ಒಳಗೆ ಇಳಿಯುತ್ತದೆ. ಸಡಿಲವಾದ ಗಾರೆ ಕಿತ್ತು ಹೊಸದು ಹಾಕಿ, ಬಿರುಕು ತುಂಬಿ, ಮೇಲೆ ಬಣ್ಣ ಹೊಡೆಸಬೇಕು. ಮೂವರು ಕಾಂಟ್ರಾಕ್ಟರುಗಳು ಬಂದು ನೋಡಿಕೊಂಡು ಹೋದರು. ಒಬ್ಬರು ಹಗ್ಗಕ್ಕೆ ಹಲಗೆ ಕಟ್ಟಿ ಜನರನ್ನು ಇಳಿಸುತ್ತೇವೆ ಅಂದರು. ಇನ್ನೊಬ್ಬರು ಗೊಂಡೊಲಾ (ತಾರಸಿಯಿಂದ ವೈರ್ ರೋಪಿನಲ್ಲಿ ನೇತಾಡುವ ಮೋಟಾರಿನ ತೊಟ್ಟಿಲು) ತರುತ್ತೇವೆ ಅಂದರು. ಮೂರನೆಯವರು ಕೆಳಗಿನಿಂದ ಪೂರ್ತಿ ಸಾರ್ವೆ ಕಟ್ಟಬೇಕು ಅಂದರು. ಮೂವರೂ ಹೇಳಿದ ಮಾತು ಒಂದೇ: "ಚಿಂತೆ ಬೇಡ ಸರ್, ಎಲ್ಲರಿಗೂ ಬೆಲ್ಟ್ ಹಾಕಿಸ್ತೀವಿ."

ಮೊದಲನೆಯವರ ಜೊತೆ ತಾರಸಿಗೆ ಹೋಗಿದ್ದೆ. ಹಗ್ಗ ಎಲ್ಲಿಗೆ ಕಟ್ಟುತ್ತೀರಿ ಎಂದು ಕೇಳಿದಾಗ ನೀರಿನ ಟ್ಯಾಂಕಿನಿಂದ ಇಳಿಯುವ ಕಬ್ಬಿಣದ ಪೈಪ್ ತೋರಿಸಿದರು. ನಾನು ಕೈಯಲ್ಲಿ ಹಿಡಿದು ಎಳೆದು ನೋಡಿದೆ. ಅಲುಗಾಡಿತು. ಕ್ಲಾಂಪಿನ ಒಂದು ಸ್ಕ್ರೂ ಆಗಲೇ ಗೋಡೆಯಿಂದ ಅರ್ಧ ಹೊರಗೆ ಬಂದಿತ್ತು. ಈ ಪೈಪನ್ನು ನಂಬಿ ಒಬ್ಬ ಮನುಷ್ಯ 14 ಮಹಡಿ ಇಳಿಯಬೇಕಾ? ಈ ಕೆಲಸ ಗೊತ್ತಿರುವವರು ಹೇಳಿ, ನಾವು ಏನು ಕೇಳಬೇಕು, ಏನು ನೋಡಬೇಕು?

ಹಗ್ಗದಕೆಲಸ

ಸರ್, ನೀವು ಬೆಲ್ಟ್ ನೋಡದೆ ಪೈಪ್ ಎಳೆದು ನೋಡಿದಿರಲ್ಲ, ಅದೇ ಸರಿ. ಬೆಲ್ಟ್ ಎಷ್ಟೇ ಒಳ್ಳೆಯದಿರಲಿ, ಅದರ ಇನ್ನೊಂದು ತುದಿ ಎಲ್ಲಿಗೆ ಸೇರಿದೆ ಎನ್ನುವುದೇ ಮುಖ್ಯ. ನಾನು ಹಗ್ಗದಲ್ಲಿ ಇಳಿದು ಕೆಲಸ ಮಾಡುವವನು. ಯಾವ ಕಟ್ಟಡಕ್ಕೆ ಹೋದರೂ ಮೊದಲು ತಾರಸಿ ನೋಡುತ್ತೇನೆ, ಗೋಡೆ ಆಮೇಲೆ.

ಬಲದ ಲೆಕ್ಕ ಹೇಳುತ್ತೇನೆ. ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ನೋಡುವ ಓಶಾ ಸಂಸ್ಥೆಯ ನಿಯಮದಲ್ಲಿ, ಬೀಳುವವರನ್ನು ತಡೆಯುವ ಆಂಕರ್, ಅಂದರೆ ಹಗ್ಗ ಕಟ್ಟುವ ಗಟ್ಟಿ ಆಧಾರ, ಒಬ್ಬರಿಗೆ 5,000 ಪೌಂಡ್ ತಡೆಯಬೇಕು. ಅಂದರೆ ಸುಮಾರು 2,270 ಕೆ.ಜಿ. ತೂಕ. ತಜ್ಞರು ಲೆಕ್ಕ ಹಾಕಿ ವಿನ್ಯಾಸ ಮಾಡಿದ್ದರೆ, ಬೀಳುವಾಗ ಬರುವ ಬಲದ ಎರಡು ಪಟ್ಟು ತಡೆದರೂ ಒಪ್ಪುತ್ತಾರೆ. ಯೂರೋಪಿನ ಇಎನ್ 795 ಮಾನದಂಡದ ಪ್ರಕಾರ ಲೋಹದ ಆಂಕರನ್ನು 12 ಕಿಲೋನ್ಯೂಟನ್‌ಗೆ ಪರೀಕ್ಷಿಸುತ್ತಾರೆ, ಅದು ಸುಮಾರು 1,200 ಕೆ.ಜಿ. ನೇತುಹಾಕಿದಷ್ಟು. ನಿಮ್ಮ ಪೈಪ್ ಕೈಗೇ ಅಲುಗಾಡಿದೆ. ನೀರಿನ ಪೈಪ್, ಎ.ಸಿ. ಬ್ರಾಕೆಟ್, ಡಿಶ್ ಕಂಬ, ಮೆಟ್ಟಿಲ ಕೈಹಿಡಿ ಕಂಬಿ, ತಾರಸಿ ಅಂಚಿನ ಇಟ್ಟಿಗೆಯ ಪ್ಯಾರಾಪೆಟ್ ಗೋಡೆ, ಇವು ಯಾವುವೂ ಆಂಕರ್ ಅಲ್ಲ.

ಎರಡನೇ ವಿಷಯ, ಹಲಗೆ ಕಟ್ಟಿ ಒಂದೇ ಹಗ್ಗದಲ್ಲಿ ಇಳಿಯುವುದಕ್ಕೂ ರೋಪ್ ಆಕ್ಸೆಸ್‌ಗೂ ಸಂಬಂಧವೇ ಇಲ್ಲ. ರೋಪ್ ಆಕ್ಸೆಸ್‌ನಲ್ಲಿ ಒಬ್ಬರಿಗೆ ಎರಡು ಹಗ್ಗ. ಒಂದು ಕೆಲಸದ ಹಗ್ಗ, ಅದರ ಮೇಲೆ ಡಿಸೆಂಡರ್ (ಹಗ್ಗ ಹಿಡಿದು ನಿಧಾನವಾಗಿ ಇಳಿಸುವ ಸಾಧನ) ಹಾಕಿ ಇಳಿಯುತ್ತೇವೆ. ಇನ್ನೊಂದು ರಕ್ಷಣೆಯ ಹಗ್ಗ, ಅದರ ಮೇಲೆ ನಮ್ಮ ಜೊತೆಗೇ ಜಾರಿಕೊಂಡು ಬಂದು, ಜೋರಾಗಿ ಎಳೆದರೆ ಕಚ್ಚಿಕೊಳ್ಳುವ ಸಾಧನ. ಎರಡೂ ಹಗ್ಗಕ್ಕೆ ಬೇರೆ ಬೇರೆ ಆಂಕರ್. ಒಂದು ಹೋದರೆ ಇನ್ನೊಂದು ಇರಬೇಕು. ಎರಡು ಹಗ್ಗ ತಂದು ಒಂದೇ ಕಂಬಿಗೆ ಬಿಗಿದರೆ ಆ ಎರಡನೇ ಹಗ್ಗದಿಂದ ಉಪಯೋಗವಿಲ್ಲ. ಈ ಕೆಲಸಕ್ಕೆ ಇರಾಟಾ, ಸ್ಪ್ರ್ಯಾಟ್ ಥರದ ಸಂಸ್ಥೆಗಳು ಮೂರು ಹಂತದ ತರಬೇತಿ ಇಟ್ಟಿವೆ. ಮೂರನೇ ಹಂತದವರು ಮೇಲ್ವಿಚಾರಕರು, ನೇತಾಡುತ್ತಿರುವವರನ್ನು ಇಳಿಸುವುದನ್ನೂ ಮಾಡಿ ತೋರಿಸಿ ಪಾಸಾಗಿರಬೇಕು. ಅವರಿಲ್ಲದೆ ತಂಡ ಕೆಲಸ ಶುರು ಮಾಡುವಂತಿಲ್ಲ.

ಮೂರನೇದು ಅಂಚು. ಪ್ಯಾರಾಪೆಟ್ ದಾಟಿ ಹಗ್ಗ ಕೆಳಗೆ ಇಳಿಯುವ ಜಾಗವನ್ನು ಬಗ್ಗಿ ನೋಡಿ. ಕೆಲಸದವರು ಎಡಕ್ಕೆ ಚಾಚಿ ಒಂದು ಪಟ್ಟಿ ಬಳಿಯುತ್ತಾರೆ, ಬಲಕ್ಕೆ ಚಾಚಿ ಇನ್ನೊಂದು. ಪ್ರತಿ ಸಲವೂ ಹಗ್ಗ ಆ ಸಿಮೆಂಟ್ ಅಂಚಿನ ಮೇಲೆ ಒಂದೆರಡು ಬೆರಳಷ್ಟು ಹಿಂದೆ ಮುಂದೆ ಉಜ್ಜುತ್ತದೆ. ಹೊರಗಿನ ಹೆಣಿಗೆ ಮೊದಲು ನೂಲು ನೂಲಾಗಿ ಏಳುತ್ತದೆ, ಆಮೇಲೆ ಒಳಗಿನ ಬಿಳಿ ಎಳೆ ಕಾಣುತ್ತದೆ. ಕೆಳಗೆ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ. ಅದಕ್ಕೇ ಅಂಚಿಗೆ ರೋಲರ್ ಇಡಬೇಕು, ಇಲ್ಲವೇ ದಪ್ಪ ಕ್ಯಾನ್ವಾಸ್ ಕವಚ ಹಾಕಬೇಕು. ಕವಚ ಜಾರದಂತೆ ಅದನ್ನೂ ಕಟ್ಟಬೇಕು.

ಬಣ್ಣದವನು

ಅಣ್ಣ, ನೀವು ಹೇಳೋದು ಕೇಳಲು ಚೆನ್ನಾಗಿದೆ. ಆದರೆ ನಾವು ಎಷ್ಟೋ ವರ್ಷದಿಂದ ಒಂದೇ ಹಗ್ಗದಲ್ಲಿ ಹಲಗೆ ಮೇಲೆ ಕೂತು ಬಣ್ಣ ಹೊಡೆದಿದ್ದೇವೆ. ಎರಡು ಹಗ್ಗ ಇದ್ದರೆ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ, ಬಕೆಟ್‌ಗೆ ಸಿಕ್ಕಿಕೊಳ್ಳುತ್ತವೆ. ಕೆಲಸ ನಿಧಾನ ಆಗುತ್ತದೆ. ನಿಧಾನ ಆದರೆ ಮೇಸ್ತ್ರಿ ಸುಮ್ನೆ ಇರ್ತಾರಾ?

ಹಗ್ಗದಕೆಲಸ

ತಮ್ಮಾ, ನಿನ್ನ ಕಷ್ಟ ಗೊತ್ತು. ಎರಡು ಹಗ್ಗ ಸುತ್ತಿಕೊಳ್ಳುವುದು ನಿಜ. ಆಂಕರುಗಳನ್ನು ಸ್ವಲ್ಪ ದೂರ ಇಟ್ಟು, ಕೆಳಗಿನ ತುದಿಗಳನ್ನು ಬೇರೆ ಬೇರೆ ಚೀಲದಲ್ಲಿ ಹಾಕಿದರೆ ಅದು ತುಂಬಾ ಕಡಿಮೆ ಆಗುತ್ತದೆ. ಬಕೆಟನ್ನು ನಿನ್ನ ಮೈಗೆ ಕಟ್ಟಿದ ಬೆಲ್ಟಿಗೆ, ಅಂದರೆ ಹಾರ್ನೆಸ್‌ಗೆ ಚಿಕ್ಕ ಹಗ್ಗದಲ್ಲಿ ನೇತುಹಾಕಿಕೋ. ಭಾರ ಜಾಸ್ತಿ ಇದ್ದರೆ ಅದಕ್ಕೆ ಬೇರೆಯೇ ಹಗ್ಗ ಇಳಿಸಲು ಹೇಳು. ಹಗ್ಗದ ಕೆಳತುದಿಗೆ ಗಂಟು ಹಾಕುವುದು ಮರೆಯಬೇಡ. ಹಗ್ಗ ಗಿಡ್ಡವಾಗಿದ್ದರೆ ಡಿಸೆಂಡರ್ ತುದಿ ದಾಟಿ ಹೋಗುವುದನ್ನು ತಡೆಯುವುದು ಆ ಗಂಟೇ.

ನಿಧಾನ ಆಗುತ್ತದೆ ಎನ್ನುವುದನ್ನು ಮೇಸ್ತ್ರಿ ಮೊದಲೇ ದಿನಗಳ ಲೆಕ್ಕದಲ್ಲಿ ಸೇರಿಸಬೇಕು. ಕೆಲಸ ಮಾಡಿಸುವವರು ಅದನ್ನು ಒಪ್ಪಬೇಕು. ಆ ಒತ್ತಡವನ್ನು ನೀನು ಹೊರಬಾರದು. ಎಷ್ಟೋ ವರ್ಷ ಏನೂ ಆಗಲಿಲ್ಲ ಅಂದರೆ ಅಷ್ಟು ವರ್ಷ ಹಗ್ಗ ತುಂಡಾಗಲಿಲ್ಲ ಅಂತ ಮಾತ್ರ. ತುಂಡಾಗುವ ದಿನ ಎರಡನೇ ಹಗ್ಗ ಇರಲೇಬೇಕು.

ಸ್ಟ್ರಕ್ಚರ್‌ಮೇಡಂ

ನಾನು ಸ್ಟ್ರಕ್ಚರಲ್ ಎಂಜಿನಿಯರ್. ಗೊಂಡೊಲಾ ಬಗ್ಗೆ ಬರೆಯುತ್ತೇನೆ, ಏಕೆಂದರೆ ಮೆಷಿನ್ ಅಂದ ಕೂಡಲೇ ಸೇಫ್ ಅನ್ನುವ ನಂಬಿಕೆ ಜನರಲ್ಲಿದೆ.

ತಾತ್ಕಾಲಿಕ ಗೊಂಡೊಲಾದಲ್ಲಿ ತಾರಸಿ ಮೇಲೆ ಎರಡು ಬೀಮ್ ಇರುತ್ತವೆ. ಮುಂದಿನ ತುದಿ ಗೋಡೆಯಿಂದ ಹೊರಗೆ ಚಾಚಿರುತ್ತದೆ, ಅಲ್ಲಿಂದ ವೈರ್ ರೋಪ್ ಇಳಿಯುತ್ತದೆ. ಹಿಂದಿನ ತುದಿಯ ಮೇಲೆ ಎದುರುತೂಕ ಪೇರಿಸಿರುತ್ತಾರೆ. ಇದು ಏತದ ಲೆಕ್ಕವೇ. ಒಂದು ಬೀಮಿನ ಮೇಲೆ 500 ಕೆ.ಜಿ. ಭಾರ, ಹೊರಗೆ ಚಾಚಿದ್ದು 1.5 ಮೀಟರ್, ಹಿಂದಿನ ಭಾಗ 4.5 ಮೀಟರ್ ಅಂತ ಇಟ್ಟುಕೊಳ್ಳಿ. ಮಗುಚದೆ ಇರಲು ಮೂರು ಪಟ್ಟು ಭದ್ರತೆ ಬೇಕು ಅಂದರೆ 500 × 1.5 × 3 ÷ 4.5, ಅಂದರೆ 500 ಕೆ.ಜಿ. ಎದುರುತೂಕ. ಓಶಾದಂತೆ ನಾಲ್ಕು ಪಟ್ಟು ಹಿಡಿದರೆ ಸುಮಾರು 667 ಕೆ.ಜಿ. ಈಗ ಒಂದು ಕಡೆ ಸಜ್ಜಾ ಅಡ್ಡ ಬಂತು ಅಂತ ಬೀಮನ್ನು 2 ಮೀಟರ್ ಹೊರಗೆ ತಳ್ಳಿದರು, ಹಿಂದೆ 4 ಮೀಟರ್ ಉಳಿಯಿತು. ಅದೇ ಮೂರು ಪಟ್ಟಿಗೆ ಈಗ 750 ಕೆ.ಜಿ. ಬೇಕು. ಅರ್ಧ ಮೀಟರ್ ಸರಿಸಿದ್ದಕ್ಕೆ ಒಂದೂವರೆ ಪಟ್ಟು! ಮತ್ತೆ ಆ 500 ಕೆ.ಜಿ. ಅನ್ನುವುದು ಬರೀ ಜನರ ತೂಕ ಅಲ್ಲ. ತೊಟ್ಟಿಲು, ಮೋಟಾರ್, ವೈರ್ ರೋಪ್, ಸಾಮಾನು ಎಲ್ಲ ಸೇರಬೇಕು. ತೊಟ್ಟಿಲು ಎಲ್ಲಾದರೂ ಸಿಕ್ಕಿಕೊಂಡು ಮೋಟಾರ್ ಎಳೆಯುತ್ತಲೇ ಇದ್ದರೆ ಬರುವ ಬಲವನ್ನೂ ನೋಡಬೇಕು.

ಎದುರುತೂಕಕ್ಕೆ ಮರಳಿನ ಚೀಲ, ನೀರಿನ ಡ್ರಮ್ ಇಡಬಾರದು. ಚೀಲ ಹರಿದರೆ ಮರಳು ಹೋಗುತ್ತದೆ, ಡ್ರಮ್ ಸೋರಿದರೆ ನೀರು ಹೋಗುತ್ತದೆ. ಓಶಾ ನಿಯಮ ಹೀಗೆ ಸುರಿದುಹೋಗುವ ವಸ್ತುವನ್ನು ನೇರವಾಗಿ ನಿಷೇಧಿಸಿದೆ. ತೂಕ ಅಚ್ಚೊತ್ತಿದ ಗಟ್ಟಿ ಬ್ಲಾಕ್ ಇರಬೇಕು, ಬೀಮಿಗೆ ಬೋಲ್ಟ್ ಹಾಕಿ ಬಿಗಿದಿರಬೇಕು, ಯಾರೋ ಸುಮ್ನೆ ಎತ್ತಿಕೊಂಡು ಹೋಗದಂತೆ ಬೀಗವೂ ಇರಬೇಕು. ಮುಂದಿನ ಕಾಲು ನಿಂತಿರುವ ಜಾಗದಲ್ಲಿ ಭಾರವೆಲ್ಲ ಒಂದು ಚಿಕ್ಕ ಚೌಕದ ಮೇಲೆ ಬೀಳುತ್ತದೆ. ಆ ಜಾಗದ ಸ್ಲ್ಯಾಬ್ ತಡೆಯುತ್ತದಾ ಎಂದು ನಿಮ್ಮ ಕಟ್ಟಡದ ಡ್ರಾಯಿಂಗ್ ನೋಡಿಯೇ ಹೇಳಬೇಕು. ಪ್ಯಾರಾಪೆಟ್ ಮೇಲೆ ಕೂರಿಸುತ್ತೇವೆ ಅಂದರೆ ಲಿಖಿತ ಲೆಕ್ಕ ಕೇಳಿ.

ಇನ್ನು ವೈರ್ ರೋಪ್ ಕ್ಲಿಪ್. ರೋಪ್ ತುದಿಯನ್ನು ಮಡಚಿ ಕುಣಿಕೆ ಮಾಡಿ ಯು ಬೋಲ್ಟ್ ಕ್ಲಿಪ್ ಹಾಕುತ್ತಾರಲ್ಲ, ಅಲ್ಲಿ ಯು ಭಾಗ ಗಿಡ್ಡ ತುದಿಯ ಮೇಲೆ ಕೂರಬೇಕು, ಅಗಲದ ತಳಭಾಗ ಭಾರ ಹೊರುವ ಉದ್ದ ರೋಪಿನ ಮೇಲೆ. ತಿರುಗಿಸಿ ಹಾಕಿದರೆ ಯು ಬೋಲ್ಟ್ ಭಾರ ಹೊರುವ ಎಳೆಗಳನ್ನೇ ಜಜ್ಜುತ್ತದೆ. ಕನಿಷ್ಠ ಮೂರು ಕ್ಲಿಪ್. ಮೊದಲ ಸಲ ಭಾರ ಹಾಕಿದ ಮೇಲೆ ರೋಪ್ ಸ್ವಲ್ಪ ಸಣ್ಣಗಾಗುತ್ತದೆ, ನಟ್ಟು ಮತ್ತೆ ಬಿಗಿಯಬೇಕು. 2007ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕಿಟಕಿ ಒರೆಸುವ ಅಣ್ಣ ತಮ್ಮ ಇಬ್ಬರು ವೇದಿಕೆ ಸಮೇತ 47 ಮಹಡಿ ಎತ್ತರದಿಂದ ಬಿದ್ದರು. ಒಬ್ಬರು ತೀರಿಕೊಂಡರು, ಇನ್ನೊಬ್ಬರು ಬದುಕಿದ್ದೇ ದೊಡ್ಡದು. ವೇದಿಕೆಯ ಕೇಬಲ್‌ಗಳನ್ನು ತಾರಸಿಯಲ್ಲಿ ಸರಿಯಾಗಿ ಬಿಗಿದಿರಲಿಲ್ಲ, ಇಬ್ಬರೂ ಪ್ರತ್ಯೇಕ ಹಗ್ಗಕ್ಕೆ ಕೊಕ್ಕೆ ಹಾಕಿಕೊಂಡಿರಲಿಲ್ಲ.

ತೊಟ್ಟಿಲುಆಪರೇಟರ್

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗೊಂಡೊಲಾದಲ್ಲಿ ನಿಂತವರ ಬೆಲ್ಟಿನ ಕೊಕ್ಕೆ ಗೊಂಡೊಲಾದ ಕಂಬಿಗೆ ಹಾಕಬಾರದು. ತಾರಸಿಯ ಬೇರೆ ಆಂಕರಿನಿಂದ ಇಳಿದ ರಕ್ಷಣೆಯ ಹಗ್ಗ, ಅಂದರೆ ಸ್ವತಂತ್ರ ಲೈಫ್‌ಲೈನ್ ಬೇಕು, ಒಬ್ಬೊಬ್ಬರಿಗೂ ಒಂದೊಂದು. ತೊಟ್ಟಿಲೇ ಬಿದ್ದರೆ ಕಂಬಿಯೂ ಅದರ ಜೊತೆ ಹೋಗುತ್ತದೆ ಅಲ್ವಾ? ಕೆಲವು ಮೆಷಿನ್‌ಗಳಲ್ಲಿ ಪ್ರತಿ ಬದಿಗೂ ಎರಡೆರಡು ವೈರ್ ರೋಪ್ ಇಟ್ಟು, ವೇದಿಕೆಗೇ ಕಟ್ಟಿಕೊಳ್ಳುವಂತೆ ತಯಾರಕರೇ ವಿನ್ಯಾಸ ಮಾಡಿರುತ್ತಾರೆ. ಅದು ಕೈಪಿಡಿಯಲ್ಲಿ ಬರೆದಿದ್ದರೆ ಮಾತ್ರ.

2009ರ ಡಿಸೆಂಬರ್ 24ರಂದು ಕೆನಡಾದ ಟೊರಾಂಟೊದಲ್ಲಿ 13ನೇ ಮಹಡಿಯ ಬಳಿ ಇಂಥದ್ದೇ ವೇದಿಕೆ ಮಧ್ಯಕ್ಕೆ ಮುರಿಯಿತು. ಮೇಲಿದ್ದವರು ಆರು ಜನ, ಲೈಫ್‌ಲೈನ್ ಇದ್ದದ್ದು ಎರಡು. ನಾಲ್ವರು ಸತ್ತರು, ಒಬ್ಬರಿಗೆ ಭಾರೀ ಪೆಟ್ಟಾಯಿತು. ಸರಿಯಾಗಿ ಕಟ್ಟಿಕೊಂಡಿದ್ದ ಒಬ್ಬರು ಹಗ್ಗದಲ್ಲೇ ಉಳಿದರು. ಆ ಕೆಲಸದ ಪ್ರಾಜೆಕ್ಟ್ ಮ್ಯಾನೇಜರ್‌ಗೆ ನ್ಯಾಯಾಲಯ ಮೂರೂವರೆ ವರ್ಷ ಜೈಲು ಶಿಕ್ಷೆ ಕೊಟ್ಟಿತು. ನಾನು ಹೊಸ ಹುಡುಗರಿಗೆ ಇದನ್ನು ಯಾವಾಗಲೂ ಹೇಳುತ್ತೇನೆ. ತೊಟ್ಟಿಲಿಗೆ ಹತ್ತುವ ಮುಂಚೆ ತಲೆ ಎಣಿಸಿ, ಹಗ್ಗ ಎಣಿಸಿ.

ಬೆಳಗ್ಗೆ ನಾವು ಮಾಡುವುದು ಇಷ್ಟು. ಭಾರ ಹಾಕಿ ನೆಲದಿಂದ ಸ್ವಲ್ಪವೇ ಎತ್ತುತ್ತೇವೆ. ಒಂದು ಬದಿಯ ಮೋಟಾರ್ ಮಾತ್ರ ಓಡಿಸಿ ತೊಟ್ಟಿಲನ್ನು ಓರೆ ಮಾಡುತ್ತೇವೆ. ಸೇಫ್ಟಿ ಲಾಕ್ ಸುರಕ್ಷತೆಗೆಂದು ಇಟ್ಟ ಎರಡನೇ ರೋಪನ್ನು ಕಚ್ಚಬೇಕು. ಟಕ್ ಎಂದು ಕಚ್ಚದಿದ್ದರೆ ಆ ದಿನ ಮೇಲೆ ಹೋಗುವ ಮಾತಿಲ್ಲ. ಆಮೇಲೆ ಎಮರ್ಜೆನ್ಸಿ ಬಟನ್, ಮೇಲಿನ ಲಿಮಿಟ್ ಸ್ವಿಚ್, ಕರೆಂಟ್ ಹೋದರೆ ಕೈಯಲ್ಲಿ ಇಳಿಸುವ ಬ್ರೇಕ್ ಲಿವರ್. ಮಧ್ಯದ ಮಹಡಿಯ ಕಿಟಕಿಯಿಂದ ಹತ್ತುವುದು ಇಳಿಯುವುದು ಬೇಡವೇ ಬೇಡ. ನೆಲದಲ್ಲಿ ಹತ್ತಿ, ನೆಲದಲ್ಲೇ ಇಳಿಯಿರಿ.

ಎಂಟನೇಮಹಡಿ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ವಂದನೆ. ನಮ್ಮ ಸಮಿತಿಯಲ್ಲಿ ಒಬ್ಬರು ಕೇಳುತ್ತಿದ್ದಾರೆ: ಬೆಲ್ಟ್ ಹಾಕಿಕೊಂಡವರು ಬಿದ್ದರೂ ನೇತಾಡುತ್ತಾರೆ ತಾನೇ, ಆಮೇಲೆ ಅಗ್ನಿಶಾಮಕದವರನ್ನು ಕರೆದರೆ ಆಯಿತಲ್ಲ?

ಹಗ್ಗದಕೆಲಸ

ಆಗುವುದಿಲ್ಲ ಸರ್. ಮೊದಲು ಅವರು ನೇತಾಡುತ್ತಾರಾ, ನೆಲಕ್ಕೆ ಬಡಿಯುತ್ತಾರಾ ನೋಡೋಣ. ಬೆಲ್ಟಿನಿಂದ ಆಂಕರಿಗೆ ಸೇರುವ ಹಗ್ಗ, ಅಂದರೆ ಮಾಮೂಲಿ ಲ್ಯಾನ್ಯಾರ್ಡ್, 2 ಮೀಟರ್. ಅದರಲ್ಲಿರುವ ಆಘಾತ ತಗ್ಗಿಸುವ ಪೊಟ್ಟಣ ಹರಿದುಕೊಂಡು 1.75 ಮೀಟರ್‌ವರೆಗೆ ಉದ್ದವಾಗಬಹುದು. ಬೆನ್ನಿನ ಕೊಂಡಿಯಿಂದ ಪಾದದವರೆಗೆ ಸುಮಾರು ಒಂದೂವರೆ ಮೀಟರ್. ಪಾದದ ಕೆಳಗೆ ಇನ್ನೂ ಒಂದು ಮೀಟರ್ ಅಂತರ ಇರಲಿ. ಒಟ್ಟು 6.25 ಮೀಟರ್, ಆಂಕರಿನಿಂದ ಕೆಳಗೆ. ಅಂದರೆ ಎರಡು ಮಹಡಿ. ಎರಡನೇ ಮಹಡಿಯ ಸಾರ್ವೆಯಲ್ಲಿ ಪಾದದ ಹತ್ತಿರ ಕೊಕ್ಕೆ ಹಾಕಿ ನಿಂತವರಿಗೆ ಆ ಬೆಲ್ಟ್ ಸಮಯಕ್ಕೆ ಕೆಲಸ ಮಾಡುವುದೇ ಇಲ್ಲ. ಕೊಕ್ಕೆ ಯಾವಾಗಲೂ ತಲೆಯ ಮೇಲೆ ಇದ್ದರೆ ಬೀಳುವ ದೂರ ಕಡಿಮೆ. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿಯಂತೂ ಬೀಳುವುದನ್ನು ತಡೆಯಲು ಬೇಡ. ಹೊಟ್ಟೆಗೆ, ಬೆನ್ನುಮೂಳೆಗೆ ಪೆಟ್ಟು. ಪೂರ್ತಿ ಮೈಯ ಹಾರ್ನೆಸ್ಸೇ ಬೇಕು.

ನೇತಾಡುತ್ತಿದ್ದಾರೆ ಅಂತಲೇ ಇಟ್ಟುಕೊಳ್ಳಿ. ತೊಡೆಯ ಪಟ್ಟಿ ಬಿಗಿದು, ಕಾಲು ಆಡಿಸದೆ ನೇತಾಡಿದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ತಲೆಗೆ ಸಾಲುವುದಿಲ್ಲ. ಪ್ರಜ್ಞೆ ತಪ್ಪಿದವರಿಗೆ ನಿಮಿಷಗಳಲ್ಲೇ ಅಪಾಯ. ಆದ್ದರಿಂದ ಇಳಿಸುವ ಸಾಮಾನು ತಾರಸಿ ಮೇಲೆ ಮೊದಲೇ ಜೋಡಿಸಿಟ್ಟಿರಬೇಕು, ಇಳಿಸಲು ಗೊತ್ತಿರುವವರು ಅಲ್ಲೇ ನಿಂತಿರಬೇಕು. 2014ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಒನ್ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಒಂದು ಕೇಬಲ್ ಸಡಿಲವಾಗಿ ತೊಟ್ಟಿಲು ಹೆಚ್ಚುಕಡಿಮೆ ನೆಟ್ಟಗೆ ಓರೆಯಾಯಿತು. ಇಬ್ಬರು ಕೆಲಸಗಾರರು ಒಳಗೆ. ಅಗ್ನಿಶಾಮಕದವರು 68ನೇ ಮಹಡಿಯ ದಪ್ಪ ಗಾಜು ಕೊಯ್ದು ಅವರನ್ನು ಒಳಗೆ ಎಳೆದುಕೊಂಡರು. ಅಷ್ಟು ತಯಾರಿ ಇದ್ದ ಊರಲ್ಲೂ ಒಂದೂವರೆ ಗಂಟೆಗೂ ಮೇಲೆ ಹಿಡಿಯಿತು. ತೊಟ್ಟಿಲಲ್ಲಿ ನಿಲ್ಲಲು ಜಾಗ ಇತ್ತು, ಕಟ್ಟಿಕೊಂಡೂ ಇದ್ದರು, ಹಾಗಾಗಿ ಉಳಿದರು. ಬರೀ ಹಾರ್ನೆಸ್‌ನಲ್ಲಿ ನೇತಾಡುವವರಿಗೆ ಅಷ್ಟು ಹೊತ್ತು ಸಿಗುವುದಿಲ್ಲ.

ಸಾರ್ವೆಮೇಸ್ತ್ರಿ

ನೀವು ಗಾರೆ ಕಿತ್ತು ಹೊಸದು ಹಾಕಬೇಕು ಅಂದಿರಿ. ಹಾಗಾದರೆ ನನ್ನ ಅಭಿಪ್ರಾಯದಲ್ಲಿ ಜಾಸ್ತಿ ಹಾಳಾದ ಗೋಡೆಗೆ ಸಾರ್ವೆಯೇ ಸರಿ. ಸುತ್ತಿಗೆ ಉಳಿ ಹಿಡಿದು ಹೊಡೆಯಲು ಎರಡೂ ಕೈ ಬೇಕು, ಕಾಲಿಗೆ ಒತ್ತು ಬೇಕು. ಹಗ್ಗದಲ್ಲಿ ಕೂತು ಹೊಡೆದರೆ ನಾವೇ ಹಿಂದಕ್ಕೆ ಹೋಗುತ್ತೇವೆ. ಬರೀ ತೊಳೆಯುವುದು, ಬಣ್ಣ, ಸೀಲೆಂಟ್ ಆದರೆ ಹಗ್ಗವೋ ಗೊಂಡೊಲಾವೋ ಸಾಕು.

ಆದರೆ ಸಾರ್ವೆಯೂ ತಾನಾಗಿ ನಿಲ್ಲುವುದಿಲ್ಲ. ಕಾಲಿನ ಕೆಳಗೆ ಬೇಸ್ ಪ್ಲೇಟ್, ಮಣ್ಣಾದರೆ ಅದರ ಕೆಳಗೆ ಅಗಲದ ಹಲಗೆ. ಕಾಲುಗಳ ನಡುವೆ ಓರೆಯಾಗಿ ಬಿಗಿದ ಕಂಬಿ. ಹಲಗೆಗಳ ನಡುವೆ ಸಂದಿ ಇರಬಾರದು. ಹೊರಬದಿಗೆ ಕೈಪಟ್ಟಿ, ನಡುಪಟ್ಟಿ, ಪಾದದ ಹತ್ತಿರ ಅಡ್ಡಹಲಗೆ. ಎಲ್ಲಕ್ಕಿಂತ ಮುಖ್ಯ ಸಾರ್ವೆಯನ್ನು ಗೋಡೆಗೆ ಬಿಗಿಯುವ ಟೈ. 14 ಮಹಡಿ ಸಾರ್ವೆ ನಿಂತಿರುವುದೇ ಟೈ ಮೇಲೆ. ಬಣ್ಣದವರು ಬಂದಾಗ ಟೈ ಇರುವ ಜಾಗದಲ್ಲಿ ಅಂಗೈಯಷ್ಟು ಬಣ್ಣ ಹತ್ತುವುದಿಲ್ಲ ಅಂತ ಅದರ ಕಪ್ಲರ್ (ಪೈಪ್ ಬಿಗಿಯುವ ಕ್ಲಾಂಪ್) ಬಿಚ್ಚಿಬಿಡುತ್ತಾರೆ. ಒಂದು ಬಿಚ್ಚಿದರೆ ಏನೂ ಕಾಣುವುದಿಲ್ಲ. ಇನ್ನೊಂದು ಮಹಡಿಯಲ್ಲಿ ಇನ್ನೊಬ್ಬರು ಬಿಚ್ಚುತ್ತಾರೆ. ಸಂಜೆಗೆ ಗಾಳಿ ಬರುತ್ತದೆ. ನನ್ನ ಸಾರ್ವೆಯಲ್ಲಿ ಟೈಗಳಿಗೆ ಕೆಂಪು ಬಣ್ಣ. ನನ್ನ ಜನ ಪಕ್ಕದಲ್ಲಿ ಇನ್ನೊಂದು ಹಾಕಿದ ಮೇಲೆಯೇ ಹಳೆಯದು ಬಿಚ್ಚುವುದು.

ಹಸಿರು ಬಲೆ ಕಟ್ಟಿಸುತ್ತೀರಿ ಅಂದರೆ ಮೊದಲೇ ಹೇಳಿ. ಬಲೆ ಗಾಳಿ ಹಿಡಿಯುತ್ತದೆ, ಟೈ ಜಾಸ್ತಿ ಬೇಕು. ಸಾರ್ವೆ ಕಟ್ಟಿ ಮುಗಿದ ಮೇಲೆ ಬಲೆ ತಂದು ಹೊದಿಸುವುದು ಸರಿಯಲ್ಲ.

ಕುತೂಹಲಿ

ಟ್ರಕ್ ಮೇಲೆ ಬರುವ, ಉದ್ದ ತೋಳಿನ ತುದಿಯಲ್ಲಿ ಬುಟ್ಟಿ ಇರುವ ಬೂಮ್ ಲಿಫ್ಟ್ ಆಗುವುದಿಲ್ಲವಾ?

ತೊಟ್ಟಿಲುಆಪರೇಟರ್

ಕೆಳಗಿನ ಕೆಲವು ಮಹಡಿಗಳಿಗೆ ಒಳ್ಳೆಯದು, ನೆಲ ಗಟ್ಟಿ ಮತ್ತು ಸಮತಟ್ಟಾಗಿದ್ದರೆ. ಕೆಳಗೆ ಬೇಸ್‌ಮೆಂಟ್ ಇದ್ದರೆ ಸ್ಲ್ಯಾಬ್ ಚಕ್ರದ ಭಾರ ತಡೆಯುತ್ತದಾ ಕೇಳಿ. ಬುಟ್ಟಿಯಲ್ಲಿ ನಿಂತವರು ಚಿಕ್ಕ ಲ್ಯಾನ್ಯಾರ್ಡನ್ನು ಬುಟ್ಟಿಯ ಆಂಕರ್‌ಗೇ ಹಾಕಬೇಕು, ಗೋಡೆಗೆ ಹಾಕಬಾರದು. ಚಕ್ರ ಗುಂಡಿಗೆ ಇಳಿದರೂ ಬೂಮ್ ತುದಿ ಮನುಷ್ಯರನ್ನು ಚಿಮ್ಮಿಬಿಡುತ್ತದೆ. ಹೊರಗೆ ಬಳಸುವ ಮೆಷಿನ್‌ಗಳಿಗೆ ಸಾಮಾನ್ಯವಾಗಿ ಗಾಳಿಯ ಮಿತಿ ಸೆಕೆಂಡಿಗೆ 12.5 ಮೀಟರ್. ಅದನ್ನು ಬುಟ್ಟಿಯ ಎತ್ತರದಲ್ಲಿ ಅಳೆಯಬೇಕು. ನೆಲದಲ್ಲಿ ಎಲೆ ಅಲುಗದಿದ್ದರೂ ಕಟ್ಟಡದ ಮೂಲೆಯಲ್ಲಿ ಗಾಳಿ ಜೋರಾಗಿರುತ್ತದೆ.

ಎಂಟನೇಮಹಡಿ

ಸಮಿತಿ ಒಂದು ತೀರ್ಮಾನಕ್ಕೆ ಬಂದಿದೆ. ತುಂಬಾ ಹಾಳಾದ ಒಂದು ಬದಿಗೆ ಸಾರ್ವೆ. ಉಳಿದ ಮೂರು ಬದಿಗೆ ತರಬೇತಾದ ತಂಡದಿಂದ ಎರಡು ಹಗ್ಗದ ಕೆಲಸ. ಪೈಪ್ ತೋರಿಸಿದವರಿಗೆ ಬೇಡ ಎಂದು ಹೇಳಿದ್ದಾಯಿತು. ಆದರೆ ನಮ್ಮ ತಾರಸಿಯಲ್ಲಿ ಆಂಕರ್ ಒಂದೂ ಇಲ್ಲ. ಟ್ಯಾಂಕ್ ಹೊತ್ತಿರುವ ಕಾಂಕ್ರೀಟ್ ಕಾಲಂಗಳಿಗೆ ಕಟ್ಟಬಹುದಾ?

ಸ್ಟ್ರಕ್ಚರ್‌ಮೇಡಂ

ಕಟ್ಟಡದ ಚೌಕಟ್ಟಿನ ಭಾಗವೇ ಆದ ಕಾಂಕ್ರೀಟ್ ಕಾಲಂ ಆದರೆ ಸಾಮಾನ್ಯವಾಗಿ ಒಳ್ಳೆಯ ಆಂಕರ್. ಒಬ್ಬ ಎಂಜಿನಿಯರ್ ನೋಡಿ ಬರೆದುಕೊಡಲಿ. ಹಗ್ಗ ಸಿಕ್ಕಿಸುವ ಪಟ್ಟಿಯನ್ನು, ಅಂದರೆ ಸ್ಲಿಂಗನ್ನು, ಕಾಲಂ ಬುಡದಲ್ಲಿ ಸುತ್ತಬೇಕು, ಎತ್ತರದಲ್ಲಿ ಅಲ್ಲ. ಮೂಲೆಗಳಿಗೆ ಮೆತ್ತೆ ಇಡಬೇಕು. ಸರಳು ಹೊರಗೆ ಕಾಣುತ್ತಿರುವ, ತುಕ್ಕು ಇಳಿದ ಕಾಲಂ ಬೇಡ.

ಟ್ಯಾಂಕ್ ಒಂದು ಮೂಲೆಯಲ್ಲಿದ್ದರೆ ದೂರದ ಬದಿಗೆ ಹಗ್ಗ ಓರೆಯಾಗಿ ಹೋಗುತ್ತದೆ. ಜಾರಿದರೆ ಲೋಲಕದ ಹಾಗೆ ಬೀಸಿಕೊಂಡು ಗೋಡೆಗೆ ಬಡಿಯುತ್ತಾರೆ. ಅಲ್ಲಿಗೆ ಹೊಸ ಆಂಕರ್ ಹಾಕಿಸಿ. ಡ್ರಿಲ್ ಮಾಡಿ ಕೆಮಿಕಲ್ ತುಂಬಿ ಕೂರಿಸುವ ಸ್ಟೇನ್‌ಲೆಸ್ ಸ್ಟೀಲ್ ಆಂಕರ್ ಸಿಗುತ್ತವೆ. ತಾರಸಿಯ ಟೈಲ್ಸ್, ಗಾರೆ ಪದರ ದಾಟಿ ನಿಜವಾದ ಸ್ಲ್ಯಾಬ್ ಅಥವಾ ಬೀಮಿಗೆ ಹೋಗಿರಬೇಕು. ಕೆಮಿಕಲ್ ಗಟ್ಟಿಯಾದ ಮೇಲೆ ಎಳೆದು ಪರೀಕ್ಷೆ ಮಾಡಿ ವರದಿ ಕೊಡಬೇಕು. ತೂತಿನ ಸುತ್ತ ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸಿ. ವರ್ಷಕ್ಕೊಮ್ಮೆ ತಪಾಸಣೆ ಇರಲಿ.

ಇವು ಒಮ್ಮೆ ಹಾಕಿಸಿದರೆ ಮುಂದಿನ ಸಲ ಬಣ್ಣಕ್ಕೆ, ಗಾಜು ಬದಲಿಸಲು, ಪೈಪ್ ರಿಪೇರಿಗೆ ಎಲ್ಲಕ್ಕೂ ಬರುತ್ತವೆ. ಹೊರಗೋಡೆಯನ್ನು ಯಾರಾದರೂ ಒಂದು ದಿನ ಮುಟ್ಟಲೇಬೇಕು ಎನ್ನುವುದು ಕಟ್ಟಡದ ನಕ್ಷೆ ಬರೆಯುವ ದಿನವೇ ಗೊತ್ತಿರುತ್ತದೆ. ಬುರ್ಜ್ ಖಲೀಫಾದಂಥ ಕಟ್ಟಡಕ್ಕೆ ಹೊರಗೋಡೆಗೆ ಜನರನ್ನು ಇಳಿಸುವ ಯಂತ್ರಗಳನ್ನು ನಕ್ಷೆಯಲ್ಲೇ ಸೇರಿಸಿದರು. 14 ಮಹಡಿಗೆ ಅಷ್ಟೆಲ್ಲ ಬೇಡ, ತಾರಸಿ ಅಂಚಿನುದ್ದಕ್ಕೂ ಒಳ್ಳೆಯ ಆಂಕರ್ ಸಾಲು ಸಾಕು. ಅದನ್ನೂ ಬಿಟ್ಟು ಕಟ್ಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಎಂಟನೇಮಹಡಿ

ಹಾಕಿಸುತ್ತೇವೆ ಮೇಡಂ. ಕೆಲಸ ಶುರುವಾದ ಮೇಲೆ ನಿವಾಸಿಗಳಿಗೆ ಏನು ಹೇಳಬೇಕು?

ಹಗ್ಗದಕೆಲಸ

ಇದನ್ನು ಕೇಳಿದ್ದು ಒಳ್ಳೆಯದಾಯಿತು. 2021ರಲ್ಲಿ ಥಾಯ್ಲೆಂಡ್‌ನಲ್ಲಿ, ಬ್ಯಾಂಕಾಕ್ ಪಕ್ಕದ ಒಂದು ಕಟ್ಟಡದಲ್ಲಿ, 21ನೇ ಮಹಡಿಯ ನಿವಾಸಿಯೊಬ್ಬರು ಕಿಟಕಿ ಮುಂದೆ ಇಳಿದಿದ್ದ ಹಗ್ಗವನ್ನು ಕತ್ತರಿಸಿಬಿಟ್ಟರು. ಕೆಲಸ ನಡೆಯುತ್ತದೆ ಎಂದು ತಮಗೆ ತಿಳಿಸಿರಲಿಲ್ಲ ಎನ್ನುವ ಸಿಟ್ಟು. ಮೇಲೆ ನೇತಾಡುತ್ತಿದ್ದ ಇಬ್ಬರು ಬಣ್ಣದ ಕೆಲಸಗಾರರನ್ನು 26ನೇ ಮಹಡಿಯವರು ಕಿಟಕಿ ತೆಗೆದು ಒಳಗೆ ಕರೆದುಕೊಂಡು ಉಳಿಸಿದರು.

ಆದ್ದರಿಂದ ಯಾವ ದಿನ ಯಾವ ಬದಿ ಎಂದು ಪ್ರತಿ ಮನೆಗೂ ಮುಂಚೆಯೇ ಚೀಟಿ ಹೋಗಲಿ. ಆ ಬದಿಯ ಕಿಟಕಿ ಮುಚ್ಚಿರಲಿ, ಹಗ್ಗ ಮುಟ್ಟಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಕೆಳಗೆ ಗೋಡೆಯಿಂದ ಸಾಕಷ್ಟು ದೂರದವರೆಗೆ ತಡೆ ಹಾಕಿ, ಒಬ್ಬರನ್ನು ಅಲ್ಲೇ ನಿಲ್ಲಿಸಿ. 14ನೇ ಮಹಡಿಯಿಂದ ಬಿದ್ದ ಒಂದು ಪುಟ್ಟಿ ಬ್ಲೇಡ್ ಕೂಡ ಪ್ರಾಣ ತೆಗೆಯುತ್ತದೆ, ಉಪಕರಣಗಳೆಲ್ಲ ದಾರಕ್ಕೆ ಕಟ್ಟಿರಬೇಕು. ತಾರಸಿ ಬಾಗಿಲಿಗೆ ಹೊರಗಿನಿಂದ ಬೀಗ ಬೇಡ, ನಮ್ಮವರು ಮೇಲೆ ಸಿಕ್ಕಿಕೊಳ್ಳುತ್ತಾರೆ. ಬಾಗಿಲ ಹತ್ತಿರ ಕಾವಲಿಗೆ ಒಬ್ಬರು ಸಾಕು. ಆಂಕರ್ ಹತ್ತಿರ ತಂಡದವರನ್ನು ಬಿಟ್ಟು ಯಾರೂ ಹೋಗದಂತೆ ಅವರು ನೋಡಿಕೊಳ್ಳಲಿ. ಪರೀಕ್ಷೆಯ ವರದಿ ಬಂದಾಗ ಇಲ್ಲೇ ಹಾಕಿ ಸರ್, ನೋಡಿ ಹೇಳುತ್ತೇನೆ.